ಕರಾಚಿಯ ಬುತ್ತಿ, ಜಗಳೂರಿನ ಬುತ್ತಿ

"ನಿಮ್ಮವ್ವನ ಬುತ್ತಿ ತಗಂಡೋಗಿ ಹಳ್ಳಕ್ಕೆ ಹಾಕು! ಹೆಣ್ಣು ಕೊಡ್ತೀಯೋ ಇಲ್ಲೋ, ಅಷ್ಟು ಹೇಳು!"

"ಹಳ್ಳಕ್ಕೆ ನಿನ್ನನ್ನೇ ಹಾಕ್ತೀನಿ ಭಾವ. ನಮ್ಮವ್ವನ ಸುದ್ದಿ ಎತ್ತಿದ್ರೆ ಕೂತ ಕಂಬಳಿ ಸಮೇತ ಎತ್ತಿ ಬೀದಿಗೆ ಇಡ್ತೀನಿ, ಹುಷಾರು!"

"ಎತ್ತು ನೋಡಾನ! ನ್ಯಾಮತಿಯಿಂದ ಗಾಡಿ ಹೊಡ್ಕಂಡು ಬಂದಿರೋದು ನಿನ್ನ ಕೈಲಿ ಎತ್ತಿಸಿಕೊಳ್ಳಾಕಲ್ಲ ತಿಪ್ಪೇಶಿ!"

ರೇವಣ್ಣ ನನ್ನ ಅಕ್ಕ ಭೀಮಕ್ಕನ ಗಂಡ. ಗಂಡ ಹೆಂಡತಿ ಇಬ್ಬರೂ ತಮ್ಮ ಮಗ ಉಚ್ಚಂಗೆಪ್ಪನಿಗೆ ನನ್ನ ಮಗಳು ಶಿವಗಂಗಮ್ಮನನ್ನು ಕೇಳಲು ಜಗಳೂರಿಗೆ ಬಂದಿದ್ದರು. ಸೋದರತ್ತೆಯ ಮಗ, ಕೇಳುವ ಹಕ್ಕು ಅವರಿಗಿತ್ತು, ಕೊಡುವ ಮನಸ್ಸು ನನಗಿತ್ತು. ಗಂಗಿಯನ್ನು ಯಾರೂ ಕೇಳಿರಲಿಲ್ಲ, ಆದರೆ ಅವಳ ಮನಸ್ಸು ಊರಿಗೇ ಗೊತ್ತಿತ್ತು. ಅಡ್ಡ ನಿಂತವಳು ನಮ್ಮವ್ವ ಅಜ್ಜಮ್ಮ. ನಿಂತವಳು ಅನ್ನುವುದು ಸುಳ್ಳು. ನಡುಮನೆಯ ಬಾಗಿಲಿಗೆ ಅಡ್ಡಲಾಗಿ ಕಾಲು ಚಾಚಿ ಕೂತು, ನಾವಿಬ್ಬರೂ ಕಿರುಚಾಡುವುದನ್ನು ಸಂತೆಯಲ್ಲಿ ಎತ್ತಿನ ವ್ಯಾಪಾರ ನೋಡುವವಳ ಹಾಗೆ ನೋಡುತ್ತಾ ಅಡಿಕೆ ಕತ್ತರಿಸುತ್ತಿದ್ದಳು.

ನಮ್ಮವ್ವ ಊರಿನಿಂದ ಊರಿಗೆ ದೂರ ಅಳೆಯುತ್ತಿದ್ದುದು ಹರದಾರಿಯಲ್ಲೂ ಅಲ್ಲ, ಮೈಲಿಯಲ್ಲೂ ಅಲ್ಲ, ಬುತ್ತಿಯಲ್ಲಿ. ಕೋಳಿ ಕೂಗಿದಾಗ ಮೊಸರು ಬುತ್ತಿ ಕಲಸಿ ಕಟ್ಟಿಕೊಂಡು ಹೊರಡಬೇಕು. ಹೋದ ಊರಲ್ಲಿ ಬಿಚ್ಚಿದಾಗ ಅದು ತಿನ್ನುವ ಹಾಗಿದ್ದರೆ ಆ ಊರು ಹತ್ತಿರ. ಹಳಸಿದ್ದರೆ ದೂರ. ಬುತ್ತಿ ಹಳಸುವ ಊರಿಗೆ ಹೆಣ್ಣು ಕೊಡಬಾರದು. ನಮ್ಮ ಕಡೆ ಹಳಬರೆಲ್ಲ ಈ ಮಾತು ಆಡುವವರೇ. ಆದರೆ ಮಿಕ್ಕವರು ಆಡಿ ಬಿಡುತ್ತಿದ್ದರು, ನಮ್ಮವ್ವ ಹಿಡಿದುಕೊಂಡಿದ್ದಳು.

ಹಾಗೆ ಹಿಡಿದುಕೊಳ್ಳಲು ಭೀಮಕ್ಕನೇ ಕಾರಣ. ನಮ್ಮಪ್ಪ ಅವ್ವನ ಮಾತು ಮೀರಿ ಅವಳನ್ನು ನ್ಯಾಮತಿಗೆ ಕೊಟ್ಟ. ಅವಳ ಚೊಚ್ಚಲ ಬಸುರಿಗೆ ಅವ್ವ ಬುತ್ತಿ ಕಟ್ಟಿಕೊಂಡು ಹೊರಟಳು. ದಾವಣಗೆರೆ ದಾಟಿ ಹೊಳೆ ದಂಡೆಗೆ ಬಂದರೆ ಹೊಳೆ ತುಂಬಿದೆ. ಹೊನ್ನಾಳಿ ಕಣ್ಣೆದುರಿಗೇ ಇದೆ, ಹರಿಗೋಲಿನವನು ಮಾತ್ರ ಆಗಲ್ಲ ಅಂತ ಕೈ ಆಡಿಸಿಬಿಟ್ಟ. ನೀರು ಇಳಿಯುವ ತನಕ ದಂಡೆಯಲ್ಲೇ ಕೂತಳು. ಕೊನೆಗೆ ನ್ಯಾಮತಿ ಮುಟ್ಟಿ ಬಸುರಿ ಮಗಳ ಮುಂದೆ ಗಂಟು ಬಿಚ್ಚಿದರೆ ನೊಣವೂ ಹತ್ತಿರ ಬರಲಿಲ್ಲವಂತೆ. ಆ ಬುತ್ತಿಯನ್ನು ರೇವಣ್ಣನ ಮನೆಯ ಎಮ್ಮೆಗೆ ಹಾಕಿದರು. ಎಮ್ಮೆ ತಿಂದಿತೋ ಇಲ್ಲವೋ, ನಾವು ಮಾತ್ರ ಅಂದಿನಿಂದ ಆ ಕಥೆ ತಿನ್ನುತ್ತಲೇ ಇದ್ದೇವೆ.

"ನ್ಯಾಮತಿಗೇ ಹಳಸ್ತು," ಅಂದಳು ಅವ್ವ, ಅಡಿಕೆ ಬಾಯಿಗೆ ಹಾಕಿಕೊಂಡು. "ಈಗ ಕರಾಚಿ ಅಂತೀರಿ. ಅದು ಎಷ್ಟು ಬುತ್ತಿ ದೂರ ಐತೆ ಅಳಿಯಂದಿರೇ?"

ರೇವಣ್ಣ ಸುಳ್ಳು ಹೇಳುವ ಮನುಷ್ಯನಲ್ಲ. ಅದೇ ಅವನ ತೊಂದರೆ. "ರೈಲಲ್ಲಿ ನಾಕೈದು ದಿನ ಆಗುತ್ತೆ ಅತ್ತೆ," ಅಂದ.

"ನಾಕೈದು ದಿನಕ್ಕೆ ಬುತ್ತಿ ಹೋಗ್ಲಿ, ಕಟ್ಟಿದ ಬಟ್ಟೆನೇ ಹಳಸುತ್ತೆ. ಎದ್ದು ಕೈಕಾಲು ತೊಳ್ಕಳ್ರಿ, ಉಣ್ಣಾಕೆ ಹಾಕ್ತೀವಿ. ಉಂಡು ಹೋಗ್ರಿ."

ಉಚ್ಚಂಗೆಪ್ಪ ಮೊದಲು ಚನ್ನಗಿರಿಯಲ್ಲಿ ಸೈಕಲ್ಲು ರಿಪೇರಿ ಅಂಗಡಿಯಲ್ಲಿದ್ದ. ಸಂತೇಬೆನ್ನೂರಿನ ಸಂತೆಗೆ ಬರುವ ಮೋಟಾರುಗಳ ಕೆಳಗೆ ಮಲಗಿ ಮಲಗಿ ಇಂಜಿನ್ನಿನ ಕೆಲಸ ಕಲಿತ. ಅಲ್ಲಿಂದ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ಮುಂಬೈ, ಮುಂಬೈಯಿಂದ ಕರಾಚಿ. ಅಲ್ಲಿ ಟಪಾಲು ಹೊರುವ ವಿಮಾನಗಳ ಇಂಜಿನ್ನು ಒರೆಸಿ, ಎಣ್ಣೆ ಹಾಕಿ, ಮೂತಿಯ ಫ್ಯಾನು ತಿರುಗಿಸಿ ಬಿಡುವ ಕೆಲಸ. ದೀಪಾವಳಿಗೆ ಬಂದಿದ್ದಾಗ ನಮ್ಮ ಹಿತ್ತಿಲಲ್ಲಿ ಗಂಗಿಗೆ ಸೈಕಲ್ಲು ಹತ್ತಲು ಕಲಿಸಿದ. ಅವಳು ಬಿದ್ದು ಮೊಣಕಾಲು ಕೆತ್ತಿಕೊಂಡಳು, ಅವನು ಎತ್ತಲು ಹೋಗಿ ತಾನೂ ಬಿದ್ದ. ಅವತ್ತೇ ನನಗೆ ತಿಳಿಯಿತು. ಎಲ್ಲದಕ್ಕೂ ಬೈಯುವ ನಾನು ಅವತ್ತು ಬೈಯಲಿಲ್ಲ.

ಅವ್ವ ಗೊತ್ತು ಮಾಡಿದ್ದ ಗಂಡು ಬೇರೆ. ಸಣ್ಣಪ್ಪ ಅಂತ. ಪಕ್ಕದ ಹಳ್ಳಿ, ಜೋಳದ ವ್ಯಾಪಾರ, ತಲೆಗೆ ಸುವಾಸನೆ ಎಣ್ಣೆ. ನಮ್ಮ ಮನೆಯಲ್ಲಿ ಕಲಸಿದ ಬುತ್ತಿ ಅವನ ಮನೆ ಮುಟ್ಟುವ ಹೊತ್ತಿಗೆ ಅನ್ನದ ಬಿಸಿಯೂ ಆರುವುದಿಲ್ಲ, ಅಷ್ಟು ಹತ್ತಿರ. ವಾರಕ್ಕೊಮ್ಮೆ ಏನಾದರೂ ನೆವ ಹೇಳಿ ಬಂದು ಅವ್ವ ಬಡಿಸಿದ್ದನ್ನು ಉಂಡು, "ಭಾಳ ಚೆನ್ನಾಗೈತೆ ಅಜ್ಜಿ" ಅನ್ನುತ್ತಿದ್ದ. ಒಂದು ದಿನ ನನ್ನ ಹೆಂಡತಿ ಸುಂಕಲಮ್ಮ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದಳು. ನಾನು ತಟ್ಟೆ ತಳ್ಳಿದೆ. ಸಣ್ಣಪ್ಪ ಎರಡು ಸಲ ಹಾಕಿಸಿಕೊಂಡು "ಭಾಳ ಚೆನ್ನಾಗೈತೆ" ಅಂದ. ಅವ್ವನಿಗೆ ಅವನಂಥ ಹುಡುಗ ಭೂಮಿಯ ಮೇಲೆ ಇನ್ನೊಬ್ಬ ಇರಲಿಲ್ಲ. ಗಂಗಿಗೆ ಅವನ ದನಿ ಕೇಳಿದರೆ ನೀರಿಗೆ ಹೋಗುವ ನೆನಪಾಗುತ್ತಿತ್ತು.

ಅವ್ವ ಉಂಡು ಹೋಗ್ರಿ ಅಂದದ್ದೇ ತಡ, ರೇವಣ್ಣ ಎದ್ದು ರುಮಾಲು ಕೊಡವಿ ಹೊರಟೇಬಿಟ್ಟ. ಭೀಮಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಆಗ ಗಂಗಿ ಅಡಿಗೆಮನೆಯಿಂದ ಕೈಯಲ್ಲಿ ಮೊರ ಹಿಡಿದುಕೊಂಡೇ ಹೊರಗೆ ಬಂದಳು.

"ಅಜ್ಜಿ, ಬುತ್ತಿ ಹಳಸದಂಗೆ ಬಂದ್ರೆ ಕೊಡ್ತೀಯಾ?"

"ಯಾವ ಬುತ್ತಿನೇ?"

"ಕರಾಚಿಯಿಂದ. ಅಲ್ಲಿ ಕೋಳಿ ಕೂಗಿದಾಗ ಕಲಸಿದ್ದು."

"ಹುಚ್ಚಿ. ಗರುಡನ ಹೆಗಲ ಮೇಲೆ ಬರುತ್ತೇನು?"

"ವಿಮಾನದಾಗೆ ಬರುತ್ತೆ. ಟಪಾಲು ವಿಮಾನ ಅಲ್ಲಿ ಹೊತ್ತು ಹುಟ್ಟಾಕೆ ಹೊರಟ್ರೆ ಹೊತ್ತು ಮುಳುಗೋದ್ರೊಳಗೆ ಬಳ್ಳಾರಿಲಿ ಇಳಿಯುತ್ತೆ. ರಾತ್ರಿ ಅಲ್ಲೇ ತಂಗಿ ಬೆಳಿಗ್ಗೆ ಮದರಾಸಿಗೆ ಹೋಗುತ್ತೆ. ಸಾವಿರ ಮೈಲಿ."

ಇದು ಮೂವತ್ತಮೂರನೇ ಇಸವಿಯ ಮಾತು. ಬಳ್ಳಾರಿಗೆ ವಿಮಾನ ಬರಲು ಶುರುವಾಗಿ ಇನ್ನೂ ನಾಲ್ಕಾರು ತಿಂಗಳು. ನಾನು ಅದನ್ನು ಕಂಡಿರಲಿಲ್ಲ. ಸಾವಿರ ಮೈಲಿಯನ್ನು ಹರದಾರಿ ಮಾಡಿ ನೋಡಿದೆ. ಮುನ್ನೂರು ದಾಟಿತು. ಎತ್ತಿನ ಗಾಡಿ ಹೊಡೆಯುವವನಿಗೆ ಮುನ್ನೂರು ಹರದಾರಿ ಅಂದರೆ ಒಂದು ತಿಂಗಳ ಮೇಲೆ. ಅದನ್ನು ಒಂದು ಹಗಲಿನೊಳಗೆ ತುರುಕುತ್ತಿದ್ದಾಳೆ ಈ ಹುಡುಗಿ!

"ಸುಳ್ಳು!" ಅಂದೆ.

"ನಿನ್ನ ಎತ್ತಿಗೆ ಸುಳ್ಳು," ಅಂದ ರೇವಣ್ಣ ಬಾಗಿಲಿಂದ ತಿರುಗಿ. "ನನ್ನ ಮಗ ಕಣ್ಣಾರೆ ನೋಡ್ತಾನೆ."

"ಅದಕ್ಕೆ ಮೇವು ನೀರು?" ಅವ್ವ ಕೇಳಿದಳು. ಅವಳು ನನ್ನ ಹಾಗೆ ಸಿಟ್ಟು ಮಾಡುವುದಿಲ್ಲ, ಕೇಳುತ್ತಾಳೆ.

"ಅಹಮದಾಬಾದಿಗೆ ಇಳಿದು ಎಣ್ಣೆ ಕುಡಿಯುತ್ತೆ. ಮುಂಬೈಲಿ ಇಳಿದು, ಅಲ್ಲಿ ಚೀಲ ಇನ್ನೊಂದು ವಿಮಾನಕ್ಕೆ ಹಾಕ್ತಾರೆ," ಅಂದಳು ಗಂಗಿ.

"ನೊಗ ಬದಲಾಯಿಸ್ತಾರೆ ಅನ್ನು. ಹಂಗಾದ್ರೆ ಅದೂ ಎತ್ತೇ." ಅವ್ವ ಸ್ವಲ್ಪ ಹೊತ್ತು ಅಡಿಕೆ ಜಗಿದಳು. "ಬಳ್ಳಾರಿಗೆ ಬಂದ್ರೆ ಜಗಳೂರಿಗೆ ಬಂದಂಗಾಯ್ತೇನು?"

"ನೀನೂ ಬಳ್ಳಾರಿಗೆ ಬಾ. ಮೋಟಾರು ಐತೆ."

ಅವ್ವ ಮೊಮ್ಮಗಳನ್ನು ಮೇಲಿಂದ ಕೆಳಗೆ ನೋಡಿದಳು. "ಬರ್ತೀನಿ. ಬರಿಗೈಲಿ ಬರಲ್ಲ. ಅದೇ ದಿನ ಅದೇ ಹೊತ್ತಿಗೆ ನಾನೂ ಒಂದು ಬುತ್ತಿ ಕಲಸಿ ತರ್ತೀನಿ. ಎರಡನ್ನೂ ಪಕ್ಕ ಪಕ್ಕ ಇಟ್ಟು ಬಿಚ್ಚಾನ. ಅವನದು ನನ್ನದಕ್ಕಿಂತ ಒಂದು ಗುಲಗಂಜಿ ಹೆಚ್ಚು ಹುಳಿ ಇದ್ರೂ ಕರಾಚಿ ಮಾತು ಬಿಡಬೇಕು. ಸಣ್ಣಪ್ಪಂಗೆ ಕೊರಳು ಕೊಡಬೇಕು."

ನನ್ನ ನೆತ್ತಿ ಕಾದು ಹೋಯಿತು. "ಇದ್ಯಾವ ನ್ಯಾಯ ಅವ್ವ? ನಿನ್ನದು ಎಪ್ಪತ್ತು ಮೈಲಿ, ಅವನದು ಸಾವಿರ ಮೈಲಿ. ಎರಡಕ್ಕೂ ಒಂದೇ ಹುಳಿನಾ?"

"ಹೆಣ್ಣಿನ ಕಡೆಯೋರ ನ್ಯಾಯ ಹಿಂಗೇ ಇರುತ್ತೆ. ನೀನು ಸುಮ್ಕಿರು."

"ಆಯ್ತು," ಅಂದಳು ಗಂಗಿ. ನಾನು, ರೇವಣ್ಣ, ಭೀಮಕ್ಕ ಮೂವರೂ ಬೇಡ ಅಂತ ಬಾಯಿ ತೆರೆಯುವ ಮೊದಲೇ ಅಂದುಬಿಟ್ಟಳು.

ಅವ್ವನಿಗೆ ಮೋಸ ಮಾಡಲು ಯಾರಿಂದಲೂ ಆಗುತ್ತಿರಲಿಲ್ಲ, ಅದೂ ಎಲ್ಲರಿಗೂ ಗೊತ್ತಿತ್ತು. ಮಜ್ಜಿಗೆ ನಾಲಿಗೆಗೆ ಮುಟ್ಟಿಸಿ ಇದು ಯಾವ ಹೊತ್ತಿನಲ್ಲಿ ಕಡೆದದ್ದು ಅಂತ ಹೇಳುವ ಹೆಂಗಸು ಅವಳು. ನೆರೆಮನೆಯ ಚೌಡಕ್ಕ ನಿನ್ನೆಯ ಮಜ್ಜಿಗೆಯನ್ನು ಇವತ್ತಿನದು ಅಂತ ಕೊಟ್ಟು ಒಂದು ಸಲ ಸಿಕ್ಕಿಬಿದ್ದು, ಆಮೇಲೆ ನಮ್ಮ ಬೀದಿಯಲ್ಲಿ ತಲೆ ತಗ್ಗಿಸಿಕೊಂಡು ಓಡಾಡುತ್ತಿದ್ದಳು.

ಕರಾಚಿಗೆ ಕಾಗದ ಹೋಯಿತು, ಉತ್ತರವೂ ಬಂತು. ವಿಮಾನ ನಡೆಸುವ ಸಾಹೇಬರು ಒಳ್ಳೆಯವರು, ಒಂದು ಡಬ್ಬಿ ಕಾಲ ಬಳಿ ಇಟ್ಟುಕೊಂಡು ತರಲು ಒಪ್ಪಿದ್ದಾರೆ, ಮುಂಬೈಯಲ್ಲಿ ಕೈ ಬದಲಾಗುತ್ತದೆ, ಇಂಥಾ ದಿನ ಬಳ್ಳಾರಿಗೆ ಬನ್ನಿ ಅಂತ ಉಚ್ಚಂಗೆಪ್ಪ ಬರೆದಿದ್ದ. ಅನ್ನ ತಾನೇ ಬೇಯಿಸಿ ಕಲಸುತ್ತೇನೆ ಅಂತಲೂ ಬರೆದಿದ್ದ. ಆ ಸಾಲನ್ನು ನಾನು ಇನ್ನೊಂದು ಸಲ ಓದಿದೆ. ಇಂಜಿನ್ನಿಗೆ ಎಣ್ಣೆ ಹಾಕುವ ಕೈ ಮೊಸರಿಗೆ ಏನು ಹಾಕುತ್ತದೋ!

ಹೊರಡುವ ದಿನ ಅವ್ವ ಯಾರನ್ನೂ ಒಲೆಯ ಹತ್ತಿರ ಸೇರಿಸಲಿಲ್ಲ. ನವಣೆ ಅನ್ನ ಬೇಯಿಸಿ, ಅಗಲದ ಪರಾತದಲ್ಲಿ ಹರಡಿ, ಬೀಸಣಿಗೆಯಿಂದ ಆರಿಸಿದಳು. ಹಾಲು ಹೆಚ್ಚು, ಮೊಸರು ಒಂದು ಚಮಚ. ಹಾಗೆ ಹಾಕಿದರೆ ದಾರಿಯಲ್ಲಿ ತಾನೇ ಮೊಸರಾಗಿ ಹದಕ್ಕೆ ಬರುತ್ತದೆ. ಶುಂಠಿ, ಉಪ್ಪು, ಎರಡೆಸಳು ಕರಿಬೇವು. ಉಂಡೆ ಕಟ್ಟಿ ತನ್ನ ತವರಿನ ಹಿತ್ತಾಳೆ ಡಬ್ಬಿಗೆ ತುಂಬಿದಳು. ಆ ಡಬ್ಬಿ ಅವಳ ಮದುವೆಯಲ್ಲಿ ಬಂದದ್ದು. ಅದನ್ನು ನಾವು ಮುಟ್ಟಬೇಕಾದರೆ ಕೈ ತೊಳೆದುಕೊಳ್ಳಬೇಕು. ಒದ್ದೆ ಬಟ್ಟೆ ಸುತ್ತಿ ಎದೆಗೆ ಅವಚಿಕೊಂಡು ಹೊರಟಳು. ಅವಳು, ಗಂಗಿ, ನಾನು, ಹಿಂದಿನ ದಿನವೇ ಬಂದಿದ್ದ ರೇವಣ್ಣ. ಸಣ್ಣಪ್ಪ ಇಸ್ತ್ರಿ ಮಾಡಿದ ಕೋಟು ತೊಟ್ಟು ಮೋಟಾರಿನ ಬಳಿ ನಮಗಿಂತ ಮೊದಲೇ ನಿಂತಿದ್ದ. ಅವನನ್ನು ಅವ್ವನೇ ಕರೆದಿದ್ದಳು. ಭೀಮಕ್ಕ, ನನ್ನ ಹೆಂಡತಿ ಇಬ್ಬರೂ ದೇವರ ಮುಂದೆ ದೀಪ ಹಚ್ಚಿ, ಎಣ್ಣೆ ಸುರಿಯುತ್ತಾ ಮನೆಯಲ್ಲೇ ಕೂತರು.

"ಅಜ್ಜಿ, ಡಬ್ಬಿ ಇತ್ಲಾಗೆ ಕೊಡ್ರಿ. ದಾರಿ ಉದ್ದಕ್ಕೂ ತೊಡೆ ಮೇಲೆ ಭಾರ ಯಾಕೆ? ಒಂದು ಸುಭದ್ರ ಜಾಗ ನೋಡಿ ಇಡ್ತೀನಿ," ಅಂದ ಸಣ್ಣಪ್ಪ. ಅವ್ವ ಕೊಟ್ಟಳು. ಅವನು ಅದನ್ನು ಮುಂದೆ, ಡ್ರೈವರನ ಕಾಲಿನ ಪಕ್ಕದಲ್ಲಿದ್ದ ತಗಡಿನ ಮೇಲೆ ಅಲುಗಾಡದ ಹಾಗೆ ಕಟ್ಟಿ ಬಂದು, ಕೈ ಒರೆಸಿಕೊಂಡು ಕೂತ. ನಾನು ಅದನ್ನು ನೋಡಿದೆ. ಆ ತಗಡಿನ ಹಿಂದೆಯೇ ಇಂಜಿನ್ನು ಕುದಿಯುತ್ತದೆ ಅಂತ ನನಗೂ ಹೊಳೆಯಲಿಲ್ಲ. ನಮಗೆಲ್ಲ ಗೊತ್ತಿದ್ದದ್ದು ಎತ್ತಿನ ಗಾಡಿ; ಗಾಡಿಯ ಮುಂಭಾಗ ಬಿಸಿಯಾಗುವುದಿಲ್ಲ.

ಮೋಟಾರು ಕೂಡ್ಲಿಗಿಯ ದಾರಿ ಹಿಡಿಯಿತು. ಮುಂಜಾನೆಯ ತಂಪು ಹೋಗಿ ಬಿಸಿಲು ಏರಿತು. ಕೂಡ್ಲಿಗಿ ಇನ್ನೂ ದೂರ ಇರುವಾಗಲೇ ಮೂತಿಯಿಂದ ಹೊಗೆ ಎದ್ದು ನಿಂತುಬಿಟ್ಟಿತು. ಡ್ರೈವರು ನಾಲ್ಕು ಕೊಡ ನೀರು ತನ್ನಿ ಅಂದ. ಸುತ್ತ ಹಸಿರಿನ ಹೆಸರಿಲ್ಲ. ನಾನೂ ರೇವಣ್ಣನೂ ಒಂದು ಬಾವಿ ಹುಡುಕಿಕೊಂಡು ಹೋಗಿ, ದಾರಿಯುದ್ದಕ್ಕೂ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಾ ನೀರು ತಂದೆವು.

"ಬೀಗನಾದ ಮೇಲೆ ನಿನ್ನ ಕೈಲಿ ನೀರು ಹೊರಿಸ್ತೀನಿ ಅಂದ್ಕಂಡಿದ್ದೆ. ಮೊದ್ಲೇ ಹೊರೋ ಹಂಗಾಯ್ತು," ಅಂದ ರೇವಣ್ಣ.

"ಬೀಗ ಆಗ್ತೀಯೋ ಇಲ್ಲೋ ಸಂಜೆ ನೋಡಾನ. ಕೊಡ ನೆಟ್ಟಗೆ ಹಿಡಿ, ಚೆಲ್ತೀಯ."

"ಮೋಟಾರು ಹೆಂಗೈತೆ ಸಣ್ಣಪ್ಪ?" ಅಂತ ಗಂಗಿ ಬೇಕೆಂದೇ ಕೇಳಿದಳು. ಅವನು ಬೆವರು ಒರೆಸಿಕೊಂಡು "ಭಾಳ ಚೆನ್ನಾಗೈತೆ" ಅಂದ.

ಬಳ್ಳಾರಿಯ ಊರಾಚೆ ವಿಮಾನ ಇಳಿಯುವ ಬಯಲು. ಬಯಲು ಅಂದರೆ ಬರೀ ಬಯಲು. ಒಂದು ತಗಡಿನ ಷೆಡ್ಡು, ಎಣ್ಣೆಯ ಡಬ್ಬಗಳು, ಕಂಬದ ತುದಿಗೆ ಯಾರದೋ ದೊಡ್ಡ ಅಂಗಿಯ ತೋಳಿನಂಥ ಒಂದು ಬಟ್ಟೆ. ಗಾಳಿ ಯಾವ ಕಡೆ ಅಂತ ಅದನ್ನು ನೋಡಿ ಮೇಲಿನವರಿಗೆ ತಿಳಿಯುತ್ತದಂತೆ. ಉಚ್ಚಂಗೆಪ್ಪನಿಂದ ಮೊದಲೇ ಸುದ್ದಿ ಮುಟ್ಟಿದ್ದ ಕಾವಲುಗಾರ ದಾಸಪ್ಪ ಬಯಲಲ್ಲಿ ಮೇಯುತ್ತಿದ್ದ ಮೇಕೆಗಳನ್ನು ಅಟ್ಟುತ್ತಿದ್ದ.

"ಬುತ್ತಿ ನೋಡಾಕೆ ಬಂದೋರು ನೀವೇನಾ?" ಅಂದ. "ಮದುವೆಗೆ ಹೆಣ್ಣು ನೋಡೋರ್ನ ಕಂಡಿದ್ದೆ, ಗಂಡು ನೋಡೋರ್ನ ಕಂಡಿದ್ದೆ. ಬುತ್ತಿ ನೋಡೋರ್ನ ಇವತ್ತೇ ಕಂಡಿದ್ದು."

ಹೊತ್ತು ಪಡುವಣಕ್ಕೆ ವಾಲಿತ್ತು. ಗಂಗಿ ಕೂರಲಿಲ್ಲ, ಕತ್ತು ಎತ್ತಿಕೊಂಡೇ ನಿಂತಿದ್ದಳು. ಅವಳ ಸೆರಗಿನ ತುದಿ ಬೆರಳಿಗೆ ಸುತ್ತಿ ಸುತ್ತಿ ಹಗ್ಗದಂತಾಗಿತ್ತು. ಅವಳನ್ನು ನೋಡಿ ನನಗೆ ಯಾರ ಮೇಲಾದರೂ ಸಿಟ್ಟು ಮಾಡಬೇಕು ಅನ್ನಿಸಿ, ಒಂದು ಮೇಕೆಗೆ ಕಲ್ಲು ಹೊಡೆದೆ.

ಮೊದಲು ದುಂಬಿಯ ಸದ್ದು. ಆಮೇಲೆ ಒಂದು ಚುಕ್ಕಿ. ಚುಕ್ಕಿ ರೆಕ್ಕೆ ಬಿಚ್ಚಿತು, ಬಯಲಿನ ಮೇಲೆ ಒಂದು ಸುತ್ತು ಹಾಕಿ, ಧೂಳೆಬ್ಬಿಸಿ, ಕುಪ್ಪಳಿಸಿ, ಓಡಿ ಬಂದು ನಿಂತಿತು. ನನ್ನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಅವ್ವ ಮಾತ್ರ, "ಇಷ್ಟೇನಾ? ನಮ್ಮ ಹುಲ್ಲಿನ ಗಾಡಿ ಇದಕ್ಕಿಂತ ದೊಡ್ಡದು," ಅಂದಳು.

ಅದರೊಳಗಿಂದ ಇಳಿದ ಸಾಹೇಬರು ಆ ಬಿಸಿಲಲ್ಲೂ ದಪ್ಪ ಕೋಟು ತೊಟ್ಟಿದ್ದರು, ಕೊರಳಿಗೆ ಉಣ್ಣೆಯ ಬಟ್ಟೆ. ದೂರದ ಗಾಡಿ ಹೊಡೆದು ಬಂದವರ ಹಾಗೇ ಎರಡೂ ಕೈಯಲ್ಲಿ ಸೊಂಟ ಹಿಡಿದು ಹಿಂದಕ್ಕೆ ಬಾಗಿದರು.

"ಪಾಪ, ಸೊಂಟ ಹಿಡಿದೈತೆ," ಅಂದಳು ಅವ್ವ. ಅಷ್ಟರಿಂದಲೇ ಅವಳಿಗೆ ವಿಮಾನದ ಮೇಲೆ ಸ್ವಲ್ಪ ನಂಬಿಕೆ ಬಂದ ಹಾಗೆ ಕಂಡಿತು.

ಸಾಹೇಬರು ಕಾಲ ಬಳಿಯಿಂದ ಒಂದು ಗಂಟು ತೆಗೆದು, "ಗಂಗಮ್ಮ?" ಅಂತ ನಮ್ಮನ್ನೆಲ್ಲ ನೋಡಿದರು. ಗಂಗಿ ಓಡಿದಳು. ಸಾವಿರ ಮೈಲಿಯಾಚೆ ಯಾರೋ ಹೇಳಿಕೊಟ್ಟ ತನ್ನ ಹೆಸರನ್ನು ಗುರುತಿಲ್ಲದ ಬಾಯಿಂದ ಕೇಳಿ ಅವಳ ಮುಖ ಹೇಗಾಯಿತು ಅಂತ ಬರೆಯಲು ನನಗೆ ಬರುವುದಿಲ್ಲ.

ಷೆಡ್ಡಿನ ನೆರಳಲ್ಲಿ ದಾಸಪ್ಪ ಗೋಣಿ ಹಾಸಿದ. ಅವ್ವ ಕೈ ತೊಳೆದು ಕೂತಳು. ಎರಡು ಡಬ್ಬಿಗಳೂ ಎದುರಿಗೆ ಬಂದವು. ಮೊದಲು ಕರಾಚಿಯದು. ಉಂಡೆಗಳು ಒಂದು ದೊಡ್ಡದು, ಒಂದು ಸಣ್ಣದು, ಗಂಡಸಿನ ಕೈಯ ಉಂಡೆ ಅಂತ ಕಂಡೊಡನೆ ತಿಳಿಯುತ್ತಿತ್ತು. ಅವ್ವ ಒಂದು ಚೂರು ಮುರಿದು ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚಿದಳು.

"ಉಪ್ಪು ಹೆಚ್ಚಾಗೈತೆ," ಅಂದಳು. ಆಮೇಲೆ, "ಇದು ಬೆಳಿಗ್ಗೆ ಕಲಸಿದ್ದಲ್ಲ. ಮಧ್ಯಾಹ್ನ ಕಲಸಿದ್ದು."

"ಮೋಸ ಅಜ್ಜಿ!" ಸಣ್ಣಪ್ಪ ಎದ್ದು ನಿಂತ. "ದಾರಿಲಿ ಯಾರ ಕೈಲೋ ಕಲಸಿ ಹಾಕ್ಸಿದಾನೆ!"

ರೇವಣ್ಣನ ಎದೆಯ ಮೇಲೆ ಕೈ ಹಾಕಿದೆ. "ಏನೋ ಭಾವ, ನಿನ್ನ ಮಗ ನಮಗೇ ಟೋಪಿ ಹಾಕ್ತಾನೇನೋ?"

"ಕೈ ತೆಗಿ! ನನ್ನ ಮಗ ಕಳ್ಳನಾದ್ರೆ ನಿನ್ನ ಸೋದರಳಿಯನೂ ಕಳ್ಳನೇ, ಅದು ನೆನಪಿರ್ಲಿ!"

ಇಬ್ಬರೂ ಅಂಗಿ ಹರಿಯುವುದರಲ್ಲಿದ್ದೆವು. ದಾಸಪ್ಪ ನಡುವೆ ಬಂದ. "ಯಾಕ್ರೀ ಬಡಿದಾಡ್ತೀರಿ? ಮುಂಬೈಲಿ ಚೀಲ ಎತ್ತಿ ಹಾಕಾಕೆ ಪುರುಸೊತ್ತಿರಲ್ಲ, ಅಲ್ಲಿ ಅನ್ನ ಕಲಸೋರ್ಯಾರು? ಆ ಡಬ್ಬಿ ಮುಟ್ಟಿ ನೋಡ್ರಿ ಮೊದ್ಲು."

ಗಂಗಿ ಡಬ್ಬಿ ಎತ್ತಿ ಅದರ ತಳವನ್ನು ಅಜ್ಜಿಯ ಕೆನ್ನೆಗೆ ಒತ್ತಿದಳು. ಅವ್ವ ಬೆಚ್ಚಿ ಹಿಂದಕ್ಕೆ ಸರಿದಳು.

"ತಣ್ಣಗೈತೆ!"

"ಮೇಲೆ ಚಳಿ ಅಜ್ಜಿ," ಅಂದ ದಾಸಪ್ಪ. "ಸಾಹೇಬ್ರು ಸುಮ್ಸುಮ್ಕೆ ಕೋಟು ಹಾಕ್ತಾರಾ?"

ಅವ್ವ ಸಾಹೇಬರ ಕೋಟು ನೋಡಿದಳು, ಉಣ್ಣೆಯ ಬಟ್ಟೆ ನೋಡಿದಳು, ಡಬ್ಬಿಯ ತಳವನ್ನು ಇನ್ನೊಂದು ಕೆನ್ನೆಗೂ ಇಟ್ಟುಕೊಂಡು ನೋಡಿದಳು. ಮತ್ತೆ ಒಂದು ಚೂರು ಬಾಯಿಗೆ ಹಾಕಿಕೊಂಡಳು.

"ಮಾಗಿಯಲ್ಲಿ ಬುತ್ತಿ ಇನ್ನೊಂದು ಹೊತ್ತು ಹೆಚ್ಚಿಗೆ ತಡೆಯುತ್ತೆ. ಮೇಲೆ ಮಾಗಿನೇ ಇದ್ರೆ... ಹ್ಞೂಂ. ಬೆಳಿಗ್ಗೆದೇ. ಕೋಳಿ ಕೂಗೋಕೂ ಮುಂಚೆ ಎದ್ದು ಕಲಸಿದಾನೆ ಹುಡುಗ. ಹಾಲು ಹಾಕೋದು ಯಾರು ಹೇಳಿಕೊಟ್ರು ಇವನಿಗೆ?"

ಗಂಗಿ ನೆಲ ನೋಡಿದಳು. ನಾನು ರೇವಣ್ಣನ ಅಂಗಿಯಿಂದ ಕೈ ತೆಗೆದು, ಅದನ್ನು ಒಂದು ಸಲ ನೀವಿ ಸರಿಮಾಡಿದೆ.

"ಈಗ ನನ್ನದು ಬಿಚ್ಚು."

ಗಂಗಿ ಹಿತ್ತಾಳೆ ಡಬ್ಬಿಯ ಬಟ್ಟೆ ಬಿಚ್ಚಿದಳು. ಒದ್ದೆ ಬಟ್ಟೆ ಒಣಗಿ ಹಪ್ಪಳವಾಗಿತ್ತು. ಮುಚ್ಚಳ ತೆಗೆದದ್ದೇ ತಡ, ಒಳಗಿಂದ ಬುಸ್ ಅಂತ ಗಾಳಿ ಬಂತು. ವಾಸನೆ ಷೆಡ್ಡಿನ ನೆರಳು ತುಂಬಿತು. ಅಟ್ಟಿಸಿಕೊಂಡು ಹೋಗಿದ್ದ ಮೇಕೆಯೊಂದು ಮತ್ತೆ ಹತ್ತಿರ ಬರುತ್ತಿದ್ದದ್ದು ಅಲ್ಲೇ ನಿಂತು, ಯೋಚಿಸಿ, ಹಿಂದಕ್ಕೆ ಹೋಯಿತು.

ಸಾಹೇಬರು ಮೆಲ್ಲಗೆ ಗಾಳಿ ಬರುವ ಕಡೆಗೆ ಸರಿದು ನಿಂತರು.

"ಸಣ್ಣಪ್ಪ," ಅಂದಳು ಅವ್ವ, "ಡಬ್ಬಿ ಎಲ್ಲಿಟ್ಟಿದ್ದೆಪ್ಪ?"

"ಸುಭದ್ರ ಜಾಗದಾಗೆ ಅಜ್ಜಿ. ಡ್ರೈವರ್ ಕಾಲ ಪಕ್ಕ. ಇಂಜಿನ್ ಹತ್ರ." ಹೇಳುತ್ತಾ ಹೇಳುತ್ತಾ ಅವನಿಗೇ ತಿಳಿಯಿತು. ಆದರೆ ಸಣ್ಣಪ್ಪ ಸೋಲುವ ಜಾತಿಯಲ್ಲ. ಮುಂದೆ ಬಗ್ಗಿ ಒಂದು ಉಂಡೆ ಎತ್ತಿಕೊಂಡ. "ಏನೂ ಆಗಿಲ್ಲ ಬಿಡ್ರಿ. ಸ್ವಲ್ಪ ಹದಕ್ಕೆ ಬಂದೈತೆ ಅಷ್ಟೇ." ಬಾಯಿಗೆ ಹಾಕಿಕೊಂಡು ನುಂಗಿದ. "ಭಾಳ ಚೆನ್ನಾಗೈತೆ ಅಜ್ಜಿ!"

ಅವ್ವ ಅವನ ಮುಖವನ್ನೇ ನೋಡುತ್ತಿದ್ದಳು. "ಇನ್ನೊಂದು ತಿನ್ನು."

ಇನ್ನೊಂದು ತಿಂದ. ಹಣೆಯ ಮೇಲೆ ಬೆವರು ಸಾಲುಗಟ್ಟಿತು.

"ಹೆಂಗೈತೆ?"

"ಭಾ... ಭಾಳ ಚೆನ್ನಾಗೈತೆ."

ನಮ್ಮವ್ವ ಸಿಟ್ಟು ಮಾಡಿದ್ದನ್ನು ನಾನು ಕಂಡದ್ದು ಕಡಿಮೆ. ಅವತ್ತು ಕಂಡೆ. ದನಿ ಏರಲಿಲ್ಲ, ಇಳಿಯಿತು.

"ಲೇ ಸಣ್ಣಪ್ಪ. ಇದು ಚೆನ್ನಾಗೈತೆ ಅಂದ್ರೆ, ಇಷ್ಟು ದಿನ ನಮ್ಮನೇಲಿ ಉಂಡು ಚೆನ್ನಾಗೈತೆ ಅಂದೆಲ್ಲ, ಅದೆಲ್ಲ ಇಂಥದ್ದೇನಾ? ನನ್ನ ಮೊಮ್ಮಗಳು ಅಡಿಗೆ ಕೆಡಿಸಿದ್ರೂ ಚೆನ್ನಾಗೈತೆ, ಅತ್ತರೂ ಚೆನ್ನಾಗೈತೆ, ಕಾಯಿಲೆ ಬಿದ್ರೂ ಚೆನ್ನಾಗೈತೆ ಅಂತೀಯೇನು? ನಿನ್ನೂರಿಗೆ ಬುತ್ತಿ ಹಳಸದಂಗೆ ಮುಟ್ಟುತ್ತೆ ಖರೆ. ಮುಟ್ಟಿದ ಮೇಲೆ ಹಳಸಿದ್ದು ಯಾವುದು, ಹಳಸದ್ದು ಯಾವುದು ಅಂತ ಗೊತ್ತಾಗೋ ಬಾಯಿ ಬೇಡವಾ ಅಲ್ಲಿ?"

ಸಣ್ಣಪ್ಪ ಕೋಟಿನ ತೋಳಿನಿಂದ ಹಣೆ ಒರೆಸಿಕೊಂಡ.

ಅವ್ವ ನನ್ನ ಕಡೆ ತಿರುಗಿದಳು. "ತಿಪ್ಪೇಶಿ, ನಮ್ಮ ಜಗಳೂರಿಂದ ಬಳ್ಳಾರಿ ಭಾಳ ದೂರ. ಕರಾಚಿ ಹತ್ರ."

"ಅಂದ್ರೆ ಅತ್ತೆ?" ರೇವಣ್ಣ ಗೋಣಿಯ ಅಂಚಿಗೆ ಬಂದು ಬಗ್ಗಿದ.

"ಅಂದ್ರೆ ಏನು, ನಿನಗೆ ಬಿಡಿಸಿ ಹೇಳಬೇಕಾ? ಲಗ್ನ ನೋಡಿಸು. ಹುಡುಗಂಗೆ ಉಪ್ಪು ಕಡಿಮೆ ಹಾಕಾಕೆ ಹೇಳು."

ರೇವಣ್ಣ ನನ್ನನ್ನು ಎತ್ತಿಕೊಂಡ. ನಿಜವಾಗಿ ಎತ್ತಿಕೊಂಡ, ನೆಲದಿಂದ ಒಂದು ಮೊಳ ಮೇಲಕ್ಕೆ. "ಇಳಿಸೋ ಲೇ, ನಾನೇನು ಟಪಾಲು ಚೀಲನಾ!" ಅಂತ ಕೂಗಿದೆ. ಗಂಗಿ ಅಜ್ಜಿಯ ಹೆಗಲ ಮೇಲೆ ಮುಖ ಇಟ್ಟಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಬೆನ್ನು ಮಾತ್ರ ಕುಣಿಯುತ್ತಿತ್ತು.

ಅವ್ವ ಅವಳ ತಲೆಯ ಮೇಲೆ ಕೈಯಿಟ್ಟುಕೊಂಡೇ ದಾಸಪ್ಪನನ್ನು ಕರೆದಳು. "ಸಾಹೇಬ್ರನ್ನ ಕೇಳಪ್ಪ. ಅದರೊಳಗೆ ಬುತ್ತಿ ಒಂದೇ ಹೋಗೋದಾ? ಮನುಷ್ಯರೂ ಕೂರಾಕೆ ಆಗುತ್ತಾ?"

ದಾಸಪ್ಪ ಕೇಳಿ ಬಂದ. "ಚೀಲ ಕಡಿಮೆ ಇದ್ದಾಗ ಒಬ್ರು ಕೂರಬಹುದಂತೆ. ಚೀಲದ ಮೇಲೆ."

"ವಯಸ್ಸಾದೋರು?"

"ಭಾರ ಎಷ್ಟು ಅಂತ ಕೇಳ್ತಾರೆ ಅಜ್ಜಿ, ವಯಸ್ಸು ಕೇಳಲ್ವಂತೆ."

ಅವ್ವ ತಲೆಯಾಡಿಸಿದಳು. ಕರಾಚಿಯ ಡಬ್ಬಿಯಿಂದ ಒಂದು ಉಂಡೆ ತೆಗೆದು ಸಾಹೇಬರಿಗೆ ಕೊಟ್ಟಳು, ಒಂದನ್ನು ದಾಸಪ್ಪನಿಗೆ, ಒಂದನ್ನು ರೇವಣ್ಣನಿಗೆ, ಒಂದನ್ನು ನನಗೆ. ಬೆಳಗಿನಿಂದ ಏನೂ ತಿಂದಿಲ್ಲ ಅನ್ನುವುದು ನನಗೆ ಆಗ ನೆನಪಾಯಿತು. ಉಪ್ಪು ಹೆಚ್ಚಾಗಿದ್ದದ್ದು ನಿಜ. ನಾನು ಹಾಗೇ ಹೇಳಿದೆ. ಎಲ್ಲರೂ ನಕ್ಕರು.

ಸಣ್ಣಪ್ಪ ನಗಲಿಲ್ಲ. ಅವನ ಮುಖ ಮೊದಲು ಕೆಂಪಾಗಿ, ಆಮೇಲೆ ಹಳದಿಯಾಗಿ, ಈಗ ಹೊಸ ಬಿದಿರಿನ ಬಣ್ಣಕ್ಕೆ ಬಂದಿತ್ತು. ಒಂದು ಕೈ ಹೊಟ್ಟೆಯ ಮೇಲಿತ್ತು. ಅವನು ಮೆಲ್ಲಗೆ ಎದ್ದು, ಮರ್ಯಾದೆಗೆ ಕೋಟು ಸರಿಮಾಡಿಕೊಂಡು, ಹಿತ್ತಾಳೆ ಡಬ್ಬಿ ಎತ್ತಿಕೊಂಡ.

"ಡಬ್ಬಿ ತೊಳ್ಕಂಡು ಬರ್ತೀನಿ ಅಜ್ಜಿ," ಅಂದ.

ಬಯಲಿನಾಚೆ, ಕತ್ತಾಳೆ ಬೇಲಿಯ ಹಿಂದೆ ಒಂದು ಬಾವಿಯಿತ್ತು. ಆ ಕಡೆಗೆ ಹೊರಟ. ನಾಲ್ಕು ಹೆಜ್ಜೆ ನಿಧಾನಕ್ಕೆ ಹಾಕಿದ, ಆಮೇಲೆ ಬಿರಬಿರನೆ ನಡೆದ, ಗಾಳಿಬಟ್ಟೆಯ ಕಂಬ ದಾಟುವ ಹೊತ್ತಿಗೆ ಓಡುತ್ತಿದ್ದ. ಡಬ್ಬಿಯ ಮುಚ್ಚಳ ಲಟಲಟ ಅನ್ನುವುದು ನಮ್ಮವರೆಗೂ ಕೇಳಿಸುತ್ತಿತ್ತು. ಬೇಲಿಯ ಹಿಂದೆ ಹೋಗಿ ಮರೆಯಾದ.

ಕಾದೆವು. ವಿಮಾನವನ್ನು ಹಗ್ಗ ಹಾಕಿ ಗೂಟಕ್ಕೆ ಕಟ್ಟಿದರು, ಥೇಟ್ ಎತ್ತಿನ ಹಾಗೆ. ಬೆಟ್ಟದ ಹಿಂದೆ ಹೊತ್ತು ಇಳಿಯಿತು. ರೇವಣ್ಣ ಬೇಲಿಯ ತನಕ ಹೋಗಿ ಕೂಗಿ ಬಂದ. ಬಾವಿಯ ಕಟ್ಟೆ ಒಣಗಿತ್ತು, ಸುತ್ತ ಯಾರೂ ಇರಲಿಲ್ಲ.

"ಮೋಟಾರು ಹಿಡಿದು ಊರಿಗೆ ಹೋಗಿರ್ತಾನೆ ಬಿಡವ್ವ," ಅಂದೆ.

"ಹೋದ್ರೆ ಹೋಗ್ಲಿ ಕಣೋ. ಅವನು ಯಾರಿಗೆ ಬೇಕಾಗಿತ್ತು?" ಅವ್ವ ಕಣ್ಣಿಗೆ ಕೈ ಅಡ್ಡ ಹಿಡಿದು ಆ ಬೇಲಿಯ ಕಡೆಗೇ ನೋಡುತ್ತಿದ್ದಳು. "ನನ್ನ ತವರಿನ ಡಬ್ಬಿ!"

ಬೇಲಿಯ ಹಿಂದಿನಿಂದ ಒಂದು ಮೇಕೆ ಬಂತು, ಅದರ ಹಿಂದೆ ಇನ್ನೊಂದು. ಅಷ್ಟೇ. ಸಣ್ಣಪ್ಪ ಬರಲಿಲ್ಲ.